ಬರ್ತೇನಿ ಅಂದಾಕಿ

ಘಟಪ್ರಭಾದ ದವಾಖಾನೆಯ ಹೆಂಗಸರ ವಾರ್ಡಿನಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಸುಮನಳ ಕೈ ನಿಂತುಬಿಡುತ್ತಿತ್ತು. ಚಮಚದಲ್ಲಿ ಗಂಜಿ ಇರುತ್ತಿತ್ತು, ಎದುರಿಗೆ ಅಜ್ಜಿ ಭರಮವ್ವನ ಬಾಯಿ ತೆರೆದಿರುತ್ತಿತ್ತು, ಚಮಚ ಮಾತ್ರ ನಡುದಾರಿಯಲ್ಲೇ ಉಳಿಯುತ್ತಿತ್ತು. ನಮ್ಮಲ್ಲಿ ಆ ಹೊತ್ತಾದಾಗ ಜಪಾನಿನಲ್ಲಿ ಸಂಜೆಯಾಗಿರುತ್ತದೆ. ಅಲ್ಲಿಯ ಒಂದು ವೃದ್ಧಾಶ್ರಮದ ಬಾಗಿಲ ಬಳಿ, ಚಪ್ಪಲಿ ಇಡುವ ಕಪಾಟಿನ ಪಕ್ಕದ ಕುರ್ಚಿಯಲ್ಲಿ, ಫುಮಿ ಎಂಬ ಮುದುಕಿ ಬಂದು ಕೂರುತ್ತಾಳೆ. ಸುಮನ ಬರುವ ತನಕ ಉಣ್ಣುವುದಿಲ್ಲ ಎಂದು ಕೂರುತ್ತಾಳೆ. ಸುಮನ ಇರುವುದು ಇಲ್ಲಿ.

"ಯವ್ವಾ, ಬಾಯಿ ನೋಯಾಕತ್ತೈತಿ. ಹಾಕೂದಾದ್ರ ಹಾಕು, ಇಲ್ಲಾಂದ್ರ ತಗಿ," ಎಂದು ಭರಮವ್ವ ಸೊಟ್ಟಗಾದ ಬಾಯಲ್ಲೇ ಗದರುತ್ತಿದ್ದಳು.

ಲಕ್ವಾ ಹೊಡೆದು ಎಡಗೈ ಎಡಗಾಲು ಬಿದ್ದುಹೋಗಿದ್ದರೂ ಮುದುಕಿಯ ನಾಲಿಗೆಗೆ ಅಷ್ಟೇನೂ ಆಗಿರಲಿಲ್ಲ. ಆ ನಾಲಿಗೆಯ ಹತ್ತಿರ ಹೋಗಲು ಲಕ್ವಾಕ್ಕೂ ಧೈರ್ಯವಾಗಿರಲಿಕ್ಕಿಲ್ಲ ಎಂದು ನೋಡಲು ಬಂದ ಊರ ಮಂದಿ ನಕ್ಕಿದ್ದರು. ಸುಮನ ನಕ್ಕಿರಲಿಲ್ಲ. ಅವಳು ರಜೆ ಹಾಕಿ ಓಡಿ ಬಂದದ್ದು ಈ ಮುದುಕಿಗಾಗಿ, ಚಮಚ ನಿಲ್ಲುತ್ತಿದ್ದದ್ದು ಆ ಮುದುಕಿಗಾಗಿ. ಎರಡು ದೇಶ, ಎರಡು ಹಸಿದ ಬಾಯಿ, ಉಣಿಸುವವಳು ಒಬ್ಬಳೇ. ಇದಕ್ಕೆಲ್ಲ ಕಾರಣ ಒಂದು ಮಾತು. ಆ ಮಾತನ್ನು ಅವಳ ಬಾಯಿಗೆ ಹಾಕಿದವಳು ಇದೇ ಭರಮವ್ವ.

ಸುಮನ ಹುಟ್ಟಿದ್ದು ಅರಭಾವಿಯಿಂದ ಮೂಡಲಗಿಗೆ ಹೋಗುವ ರಸ್ತೆಯಿಂದ ಒಳಗೆ, ಕಬ್ಬಿನ ನಡುವೆ ಸಿಕ್ಕಿಕೊಂಡ ಒಂದು ಸಣ್ಣ ಊರಿನಲ್ಲಿ. ಅಪ್ಪ ಶಿವಪುತ್ರ ಮೂಡಲಗಿ ಪೇಟೆಯಲ್ಲಿ ಬೆಲ್ಲದ ಪೆಂಟೆ ಹೊರುವ ಹಮಾಲ. ಮನೆಯ ನಡುಗೋಡೆಯ ಮೇಲೆ ಬುದ್ಧ, ಪಕ್ಕದಲ್ಲಿ ಬಾಬಾಸಾಹೇಬರು. ಭರಮವ್ವ ದಿನಾ ಬೆಳಿಗ್ಗೆ ಎರಡೂ ಫೋಟೋಗಳ ಗಾಜನ್ನು ಸೀರೆಯ ಸೆರಗಿನಿಂದ ಒರೆಸಿಯೇ ಚಹಾ ಕುಡಿಯುತ್ತಿದ್ದಳು.

ಈ ಕಡೆ ಮನೆ ಬಿಟ್ಟು ಹೊರಡುವವರು 'ಹೋಗ್ತೇನಿ' ಎನ್ನುವುದಿಲ್ಲ. ಹಾಲು ತರಲು ಹೊರಟವಳೂ 'ಬರ್ತೇನಿ' ಎಂದೇ ಚಪ್ಪಲಿ ಮೆಟ್ಟುತ್ತಾಳೆ. ಯಾರದೋ ಮನೆಗೆ ಹೋಗಿ ಚಹಾ ಕುಡಿದು ಎದ್ದವರೂ 'ಬರ್ತೇವ್ರಿ' ಎನ್ನುತ್ತಾರೆ. ಹಾಗೆಂದು ಆ ಮನೆಯವರು ಅವರ ದಾರಿ ಕಾಯುತ್ತ ಕೂರುವುದಿಲ್ಲ. ಎಲ್ಲರಿಗೂ ಗೊತ್ತು, ಅದು ಬಾಯಿಮಾತು.

ಭರಮವ್ವನ ಮನೆಯಲ್ಲಿ ಮಾತ್ರ ಅದು ಬಾಯಿಮಾತಾಗಿ ಉಳಿಯಲಿಲ್ಲ. ಸುಮನ ಇನ್ನೂ ಸಣ್ಣ ಸಾಲಿಯಲ್ಲಿ ಒತ್ತಕ್ಷರ ತಿದ್ದುತ್ತಿದ್ದ ವರ್ಷ, ಕಬ್ಬಿನ ಹಂಗಾಮಿನಲ್ಲಿ, ಅವಳ ಅವ್ವ ಸೀತವ್ವ ಅತ್ತೆಯೊಡನೆ ರೊಟ್ಟಿ ಸೀದದ್ದಕ್ಕೆ ಜಗಳವಾಡಿದಳು. ಎಂಥ ಜಗಳ, ದಿನಾ ಆಗುವಂಥದ್ದೇ. ಬುತ್ತಿ ಗಂಟನ್ನು ಅಲ್ಲೇ ಎಸೆದು, "ಹೋಗ್ತೇನಿ ನಾ, ನಿನ್ನ ರೊಟ್ಟಿ ನೀನ ತಿನ್ನು," ಎಂದು ಹೊಸ್ತಿಲು ದಾಟಿ ಕಬ್ಬು ಕಡಿಯುವವರ ಗುಂಪು ಸೇರಿದಳು. ಅಂದು ಕಾಲುವೆಯ ತಿರುವಿನಲ್ಲಿ ಟ್ರ್ಯಾಲಿ ಪಲ್ಟಿಯಾಯಿತು. ಕಬ್ಬಿನ ಮೇಲೆ ಕೂತು ಬರುತ್ತಿದ್ದವರಲ್ಲಿ ಸೀತವ್ವ ಒಬ್ಬಳೇ ಏಳಲಿಲ್ಲ. ಎದೆಹಾಲು ಕುಡಿಯುವ ತಂಗಿ ಕಾಜಲ್ ಮನೆಯಲ್ಲಿ ಅಳುತ್ತಿದ್ದಳು.

ಸೊಸೆಯನ್ನು ಕೊಂದದ್ದು ಟ್ರ್ಯಾಲಿ ಎಂದು ಪೊಲೀಸರು ಬರೆದುಕೊಂಡರು. ಭರಮವ್ವ ಒಪ್ಪಲಿಲ್ಲ. ಅವಳ ಲೆಕ್ಕದಲ್ಲಿ ಕೊಂದದ್ದು ಆ ಮಾತು. ಅಂದಿನಿಂದ ದಿನಾ ಬೆಳಿಗ್ಗೆ ಬಾಗಿಲಿಗೆ ಅಡ್ಡ ನಿಲ್ಲುವಳು. ಸುಮನ ಅವಸರದಲ್ಲಿ "ಸಾಲಿಗೆ ಹೋಗ್ತೇನಿ" ಎಂದು ಓಡಿದರೆ ಜಡೆ ಹಿಡಿದು ಒಳಗೆ ಎಳೆಯುವಳು. "ಬರ್ತೇನಿ ಅನ್ನು. ಅನ್ನಲಾರದ ಹೊಸ್ತಿಲ ದಾಟಬ್ಯಾಡ." ಮನೆಯ ಕೊನೆಯ ಮಂದಿ ಬಂದು ಸೇರುವ ತನಕ ಬಾಗಿಲು ಹಾಕುತ್ತಿರಲಿಲ್ಲ. ಶಿವಪುತ್ರ ಪೇಟೆಯಲ್ಲಿ ಉಳಿದ ದಿನ ರಾತ್ರಿಯಿಡೀ ಬಾಗಿಲು ತೆರೆದೇ ಇರುತ್ತಿತ್ತು, ನಾಯಿಗಳು ಒಳಗೆ ಬಂದು ಮಲಗಿ ಎದ್ದು ಹೋಗುತ್ತಿದ್ದವು.

ಸುಮನ ಬೆಳೆದಳು. ಹುಕ್ಕೇರಿಯಲ್ಲಿ ನರ್ಸಿಂಗ್ ಕಲಿತಳು, ಗೋಕಾಕದಲ್ಲಿ ಒಂದು ಸಣ್ಣ ಆಸ್ಪತ್ರೆಯಲ್ಲಿ ಕೆಲಸಕ್ಕೆ ನಿಂತಳು. ಅದೇ ಓಣಿಯಲ್ಲಿ, ಕರದಂಟಿನ ಅಂಗಡಿಯ ಮಾಳಿಗೆಯ ಮೇಲೆ, ಜಪಾನಿ ಭಾಷೆಯ ಕ್ಲಾಸು ಶುರುವಾಗಿತ್ತು. ಕೆಳಗಿನಿಂದ ತುಪ್ಪ ಬೆಲ್ಲದ ಘಮ ಬರುತ್ತಿತ್ತು, ಮೇಲೆ ಮಾಸ್ತರರು ಆ ದೇಶದ ಕಥೆ ಹೇಳುತ್ತಿದ್ದರು. ಅಲ್ಲಿ ಹುಟ್ಟುವವರಿಗಿಂತ ಸಾಯುವವರು ಹೆಚ್ಚು. ಸಾಯುವವರಾದರೂ ಬೇಗ ಸಾಯುತ್ತಾರೆಯೇ, ತೊಂಬತ್ತು ದಾಟುತ್ತಾರೆ. ಹುಡುಗರು ಲಗ್ನವಾಗುವುದಿಲ್ಲ, ಲಗ್ನವಾದವರು ಹಡೆಯುವುದಿಲ್ಲ.

"ರೊಕ್ಕ ಐತಿ, ರಸ್ತೆ ಐತಿ, ದವಾಖಾನಿ ಐತಿ. ಉಣಸಾಕ ಕೈ ಇಲ್ಲ. ಆ ಕೈ ನೀವ," ಎಂದು ಮಾಸ್ತರರು ಹುಡುಗಿಯರ ಕಡೆ ಬೆರಳು ಮಾಡುತ್ತಿದ್ದರು.

ಕೇಳಲು ಚೆನ್ನಾಗಿಯೇ ಇತ್ತು. ಒಂದು ದೇಶ ತನ್ನ ಮಕ್ಕಳನ್ನು ಹಡೆಯುವುದು ಬಿಟ್ಟು, ಇನ್ನೊಬ್ಬರು ಹೆತ್ತು ಸಾಕಿದ ಮಕ್ಕಳನ್ನು ತರಿಸಿಕೊಳ್ಳುತ್ತದೆ. ಸಾಕಿದವರ ಗತಿ ಏನು ಎಂದು ಆ ಕ್ಲಾಸಿನಲ್ಲಿ ಯಾರೂ ಕೇಳಲಿಲ್ಲ. ಸುಮನಳೂ ಕೇಳಲಿಲ್ಲ. ಅಪ್ಪನ ಬೆನ್ನು ಹೊತ್ತು ಹೊತ್ತು ಬಾಗಿಹೋಗಿತ್ತು, ಕಾಜಲ್ ಇನ್ನೂ ಓದಬೇಕಿತ್ತು.

ಆ ಭಾಷೆಯಲ್ಲಿ ಅವಳಿಗೆ ಬಹಳ ಹಿಡಿಸಿದ್ದು ಒಂದು ಮಾತು. ಜಪಾನಿನವರು ಮನೆಯಿಂದ ಹೊರಡುವಾಗ 'ಇತ್ತೆ ಕಿಮಾಸ್' ಎನ್ನುತ್ತಾರೆ. ಹೋಗಿ ಬರ್ತೇನಿ. ಸುಮನ ಅದನ್ನು ಕೇಳಿ ಕೂತಲ್ಲೇ ನಕ್ಕುಬಿಟ್ಟಳು, ಸಮುದ್ರ ದಾಟಿದರೂ ಆಯಿ ಭರಮವ್ವನ ಕೈಯಿಂದ ಬಿಡುಗಡೆ ಇಲ್ಲವೆಂದು. ಆಮೇಲೆ ಮಾಸ್ತರರು ಇನ್ನೊಂದು ಸಂಗತಿ ಹೇಳಿರಬಹುದು, ಇವಳ ಕಿವಿಗೆ ಬಿದ್ದಿರಲಿಕ್ಕಿಲ್ಲ. ಆ ಮಾತನ್ನು ಆಡುವವರು ಸ್ವಂತ ಮನೆಯಿಂದ ಹೊರಡುವವರು ಮಾತ್ರ, ಅದೂ ಮನೆಯಲ್ಲಿ ಉಳಿದ ತಮ್ಮವರಿಗೆ. ಮಂದಿಯ ಮನೆಯಿಂದ ಏಳುವಾಗ ಬೇರೆ ಮಾತಿದೆ, ಕೆಲಸ ಮುಗಿಸಿ ಹೊರಡುವಾಗ ಬೇರೆ ಮಾತಿದೆ.

ಹೊರಡುವ ದಿನ ಊರೆಲ್ಲ "ಬುದ್ಧನ ದೇಶಕ್ಕ ಹೊಂಟಾಳ" ಎಂದು ಕೂಡಿತ್ತು. ಸುಮನ ಹೊಸ್ತಿಲ ಮೇಲೆ ನಿಂತು, ಯಾರಿಂದಲೂ ಹೇಳಿಸಿಕೊಳ್ಳದೆಯೇ, "ಬರ್ತೇನಿ ಆಯಿ," ಎಂದಳು. ಭರಮವ್ವ ಅವಳ ನೆತ್ತಿಯ ಮೇಲೆ ಕೈಯಾಡಿಸಿ ಲಟಿಕೆ ಮುರಿದಳು.

ಸುಮನಳ ಪಾಲಿಗೆ ಬಂದದ್ದು ಜಪಾನಿನ ಉತ್ತರದಲ್ಲಿ, ಹಿಮ ಸುರಿಯುವ ಒಂದು ಸಣ್ಣ ಊರು. ವೃದ್ಧಾಶ್ರಮ ಮೊದಲು ಸಣ್ಣ ಮಕ್ಕಳ ಸಾಲಿಯಾಗಿತ್ತಂತೆ. ಮಕ್ಕಳು ಹುಟ್ಟುವುದು ನಿಂತ ಮೇಲೆ ಸಾಲಿ ಮುಚ್ಚಿ, ಅವೇ ಕೋಣೆಗಳಲ್ಲಿ ಮಂಚ ಹಾಕಿದ್ದರು. ಅಲ್ಲಿ ಕಲಿತವರೇ ಕೆಲವರು ಈಗ ಅಲ್ಲಿ ಮಲಗಿದ್ದರು. ಕರಿಹಲಗೆ ಹಾಗೇ ಇತ್ತು. ಕೈ ತೊಳೆಯುವ ನಲ್ಲಿಗಳು ಮಕ್ಕಳ ಎತ್ತರಕ್ಕೆ ಇದ್ದವು, ಅವನ್ನೂ ಬದಲಿಸಿರಲಿಲ್ಲ. ಗಾಲಿಕುರ್ಚಿಯಲ್ಲಿ ಕೂತವರಿಗೆ ಅದೇ ಎತ್ತರ ಸರಿಹೋಗಿತ್ತು.

ಸಂಜೆ ಐದಕ್ಕೆ ಊರ ಕಂಬದ ಮೇಲಿನ ಸ್ಪೀಕರಿನಿಂದ ಒಂದು ರಾಗ ಕೇಳುತ್ತಿತ್ತು. ಕತ್ತಲಾಗುತ್ತಿದೆ, ಆಡುವ ಮಕ್ಕಳು ಇನ್ನು ಮನೆಗೆ ಹೋಗಲಿ ಎಂದು. ಊರಲ್ಲಿ ಬೀದಿಗಿಳಿದು ಆಡುವ ಮಗು ಒಂದೂ ಇರಲಿಲ್ಲ. ಯಾರಿಗಾಗಿ ಇದನ್ನು ಹಾಕುತ್ತೀರಿ ಎಂದು ಸುಮನ ಮೇಲ್ವಿಚಾರಕಿ ಓನೋ ಅವರನ್ನು ಕೇಳಿದಳು. ಮೊದಲಿನಿಂದ ಹಾಕುತ್ತಾರೆ, ಎಂದರು ಓನೋ. ಅವರಿಗೇ ಅರವತ್ತು ದಾಟಿ ಮೊಣಕಾಲು ಹಿಡಿದಿತ್ತು, ಆದರೂ ಮುದುಕರನ್ನು ಎತ್ತಿ ಕೂರಿಸುತ್ತಿದ್ದರು. ಅವರು ಬಿಟ್ಟರೆ ಆ ಜಾಗಕ್ಕೆ ಬರುವವರಿರಲಿಲ್ಲ.

ಮೊದಲ ವಾರ ಸುಮನ ಎಲ್ಲರಿಗೂ ಗೋಕಾಕದ ಕರದಂಟು ಹಂಚಿದಳು. ಒಬ್ಬ ಮುದುಕನ ಹಲ್ಲಿನ ಸೆಟ್ಟು ಕರದಂಟಿನಲ್ಲೇ ಕಚ್ಚಿಕೊಂಡು ಹೊರಬಂತು. ಓನೋ ಡಬ್ಬಿಯನ್ನು ಕಪಾಟಿಗೆ ಹಾಕಿ ಬೀಗ ಜಡಿದರು. ಸುಮನಳನ್ನು ಅಲ್ಲಿಯವರು ನೆನಪಿಟ್ಟುಕೊಂಡದ್ದು ಹೀಗೆ.

ಫುಮಿ ಎಂಬ ಮುದುಕಿ ಮಾತ್ರ ನಗಲೂ ಇಲ್ಲ, ಬಯ್ಯಲೂ ಇಲ್ಲ. ಅವಳು ಬಂದಾಗಿನಿಂದ ಬಾಯಿ ಬಿಟ್ಟಿರಲಿಲ್ಲವಂತೆ. ನೆನಪು ಹೋಗಿತ್ತು. ಇದ್ದೊಬ್ಬ ಮಗಳಿಗೆ ಎಪ್ಪತ್ತು ದಾಟಿತ್ತು, ಅವಳು ಇನ್ನೊಂದು ಊರಿನ ಇಂಥದೇ ಆಶ್ರಮದಲ್ಲಿದ್ದಳು, ಅವಳಿಗೂ ತಾಯಿ ಇದ್ದಾಳೆಂಬುದು ಮರೆತಿತ್ತು. ಆ ಮಗಳಿಗೆ ಮಕ್ಕಳಿರಲಿಲ್ಲ. ಇದನ್ನು ಕೇಳಿದ ದಿನ ಸುಮನಳಿಗೆ ಊಟ ಸೇರಲಿಲ್ಲ. ಮಗಳೂ ಮುದುಕಿಯಾಗುವಷ್ಟು ಬದುಕುವುದು ವರವೋ ಏನೋ, ಅವಳಿಗೆ ತಿಳಿಯದಾಯಿತು.

ಒಂದು ಸಂಜೆ ಕೆಲಸ ಮುಗಿಸಿ ಹೊರಡುವಾಗ ಸುಮನ ಫುಮಿಯ ಕೈ ಹಿಡಿದು "ಇತ್ತೆ ಕಿಮಾಸ್" ಎಂದಳು. ಊರಲ್ಲಿ ಯಾರಿಗಾದರೂ ಹೇಳುವಂತೆ ಹೇಳಿದಳು, ಅಷ್ಟೇ. ಫುಮಿ ತಲೆಯೆತ್ತಿ ನೋಡಿದಳು. ಹೋಗಿ ಬಾ ಎಂದಳು, ಸ್ಪಷ್ಟವಾಗಿ. ಕೋಣೆಯಲ್ಲಿದ್ದವರೆಲ್ಲ ಕೆಲಸ ಬಿಟ್ಟು ನಿಂತರು. ಓನೋ ಕಣ್ಣೊರೆಸಿಕೊಂಡರು. ಸುಮನ ಹಿಗ್ಗಿನಿಂದ ತನ್ನ ಕೋಣೆಗೆ ಹೋಗಿ ಅಕ್ಕಿ ಇಟ್ಟಳು.

ಇತ್ತ ರಾಗ ಕೇಳಿದ್ದೇ ಫುಮಿ ಎದ್ದು ಬಾಗಿಲ ಬಳಿಯ ಕುರ್ಚಿಗೆ ಹೋಗಿ ಕೂತಳು. ಊಟಕ್ಕೆ ಕರೆದರೆ ಬರಲಿಲ್ಲ. ಮಗಳು ಬರುತ್ತೇನೆ ಎಂದು ಹೋಗಿದ್ದಾಳೆ, ಬರಲಿ, ಕೂಡಿ ಉಣ್ಣುತ್ತೇವೆ ಎಂದಳು. ಓನೋ ಸುಮನಳ ಕೋಣೆಗೆ ಬಂದು, ನೀನು ಆಡಿದ್ದು ಮನೆಮಂದಿ ಆಡುವ ಮಾತು, ಇಲ್ಲಿ ಆಡಬೇಡ, ಎಂದು ಮೆತ್ತಗೆ ತಿಳಿಸಿದರು. ಸುಮನ ಓಡಿ ಬಂದಳು. ಆ ಭಾಷೆಯಲ್ಲಿ ಮನೆಗೆ ಮರಳಿದವರು 'ತದಾಯ್ಮಾ' ಎನ್ನುತ್ತಾರೆ, ಬಂದೆ ಎಂದು. ಬಾಗಿಲಲ್ಲಿ ನಿಂತು "ತದಾಯ್ಮಾ" ಎಂದಳು. ಫುಮಿಯ ಮುಖ ಅರಳಿತು. ಎದ್ದು ಬಂದು ಉಂಡಳು, ಒಂದು ಅಗುಳು ಬಿಡದೆ ಉಂಡಳು.

ಅಂದಿನಿಂದ ಇದೇ ರೂಢಿಯಾಯಿತು. ಕೆಲಸ ಮುಗಿಸಿ ಹೊರಡುವಾಗ ಇತ್ತೆ ಕಿಮಾಸ್, ಉಣ್ಣುವ ಹೊತ್ತಿಗೆ ಕೋಣೆಯಿಂದ ಬಂದು ತದಾಯ್ಮಾ. ರಜೆಯ ದಿನವೂ ತಪ್ಪಿಸಲಿಲ್ಲ, ಜ್ವರ ಬಂದಾಗ ಬಾಯಿಗೆ ಬಟ್ಟೆ ಕಟ್ಟಿಕೊಂಡು ಬಂದಳು. ಓನೋ ಒಂದೆರಡು ಸಲ ಎಚ್ಚರಿಸಿದರು. ನೀನು ಇಲ್ಲದ ದಿನ ಏನು ಮಾಡುವುದು? ಬೇರೆ ಮಾತು ಅಭ್ಯಾಸ ಮಾಡಿಸು, ಅಪ್ಪಣೆ ಕೊಡಿ ಎಂದು ಹೇಳಿ ಹೊರಡು. ಸುಮನ ಹೂಂ ಎನ್ನುವಳು. ಮರುದಿನ ಬಾಗಿಲಲ್ಲಿ ಆ ಮಾತು ಬಾಯಿಗೆ ಬರುತ್ತಿರಲಿಲ್ಲ. ಬರುತ್ತೇನೆ ಎನ್ನದೆ ಹೊರಟವಳು ಏನಾದಳೆಂದು ಅವಳು ಕಣ್ಣಾರೆ ಕಂಡಿದ್ದಳು.

ಹೀಗಿರುವಾಗ, ಈ ಜನವರಿಯಲ್ಲಿ, ಆಯಿಗೆ ಲಕ್ವಾ ಹೊಡೆದಿದೆ ಎಂದು ಕಾಜಲ್ ಫೋನ್ ಮಾಡಿದಳು. ಒಂದು ತಿಂಗಳ ರಜೆ ಸಿಕ್ಕಿತು. ಹೊರಡುವ ದಿನ ಓನೋ ಬಾಗಿಲ ತನಕ ಬಂದು ಕೈ ಮುಗಿಯುವವರಂತೆ ಕೇಳಿಕೊಂಡರು. ಇವತ್ತಾದರೂ ಆ ಮಾತು ಬೇಡ, ಹೋಗುತ್ತಿದ್ದೇನೆ ಎಂದು ಹೇಳು, ಒಂದು ದಿನ ಅಳುತ್ತಾಳೆ, ಆಮೇಲೆ ಮರೆಯುತ್ತಾಳೆ. ಸುಮನ ಚೀಲ ಕೆಳಗಿಟ್ಟು ಫುಮಿಯ ಎದುರು ಕೂತಳು. ಫುಮಿ ಅವಳ ಕೋಟಿನ ಗುಂಡಿ ಹಾಕಿದಳು, ಸಣ್ಣ ಹುಡುಗಿಗೆ ಹಾಕುವಂತೆ. ಸುಮನ ಬಾಯಿ ತೆರೆದಳು. ಹೊರಬಂದದ್ದು ಇತ್ತೆ ಕಿಮಾಸ್.

ಓನೋ ಮುಖ ತಿರುಗಿಸಿ ಒಳಗೆ ಹೋದರು.

ಘಟಪ್ರಭಾಕ್ಕೆ ಬಂದ ಮರುದಿನವೇ ಅವರ ಸಂದೇಶ ಬಂತು. ಫುಮಿ ಊಟ ಮಾಡುತ್ತಿಲ್ಲ. ಕುರ್ಚಿ ಬಿಟ್ಟು ಏಳುತ್ತಿಲ್ಲ. ಸುಮನ ಗಾಬರಿಯಾದಳು. ತನ್ನ ಮೇಲೆಯೇ ಸಿಟ್ಟು ಬಂತು. ಹೇಳಿದರೆ ಯಾರಿಗೆ ಹೇಳುವುದು? ಅಪ್ಪನಿಗೆ ಹೇಳಿದರೆ, ಇಲ್ಲಿ ಸಾಕಿದ ಆಯಿ ಮಲಗಿರುವಾಗ ಅಲ್ಲಿಯ ಮುದುಕಿಯ ಚಿಂತೆಯೇ ಎಂದಾನು. ಹಾಗೆ ಕೇಳಿದರೆ ತಪ್ಪೂ ಇರಲಿಲ್ಲ.

ಭರಮವ್ವನ ಕಣ್ಣು ತಪ್ಪಿಸುವುದು ಆಗಲಿಲ್ಲ. "ಉಣಸಾಕಿ ಇಲ್ಲೆ ಅದಾಳ, ಕಣ್ಣ ಎಲ್ಲಿಗಿ ಹೋಗ್ಯಾವ?" ಎಂದು ಒಂದು ಮಧ್ಯಾಹ್ನ ಕೇಳಿಯೇ ಬಿಟ್ಟಳು. ಸುಮನ ಗಂಜಿಯ ಬಟ್ಟಲು ಕೆಳಗಿಟ್ಟು ಎಲ್ಲ ಹೇಳಿದಳು. ಸಾಲಿ, ರಾಗ, ಕುರ್ಚಿ, ಆ ಮಾತು. ಭರಮವ್ವ ಕಣ್ಣು ಮಿಟುಕಿಸದೆ ಕೇಳಿದಳು.

"ಅಲ್ಲೂ ಬುದ್ಧ ಅದಾನೇನು?"

"ಅದಾನ ಆಯಿ. ಆಕಿ ಖೋಲ್ಯಾಗ ಸಣ್ಣಾಂವ ಒಬ್ಬ ಕುಂತಾನ."

"ಮತ್ತ ಅಂವರ ಹೇಳಬಾರದ ಆಕಿಗಿ, ಉಣ್ಣ ಅಂತ." ಆಡುವ ಕೈಯಿಂದ ಸುಮನಳ ಮೊಣಕಾಲು ತಟ್ಟಿ ಅಂದಳು, "ಬರ್ತೇನಿ ಅಂದ ಮ್ಯಾಲ ಹೋಗಬೇಕವ್ವ. ದಾರಿ ಕಾಯೂದು ಏನಂತ ನಿನಗ ಗೊತ್ತಿಲ್ಲ."

ಅಂದಿನಿಂದ ಭರಮವ್ವ ಹೊಸ ಹಟ ಹಿಡಿದಳು. ಗಂಜಿ ತಂದರೆ ಮೊದಲು, "ಆಕಿ ಉಂಡಳೇನು?" ಎಂದು ಕೇಳುವಳು. ಉಂಡಿಲ್ಲ ಎಂದರೆ ಬಾಯಿ ಮುಚ್ಚಿಕೊಳ್ಳುವಳು. ಸುಮನ ಮೊದಲ ದಿನ ಖರೆ ಹೇಳಿ ನೋಡಿದಳು. ಮುದುಕಿ ಉಪವಾಸ ಮಲಗಿದಳು. ಆಮೇಲೆ ಸುಮನ, "ಉಂಡಾಳಂತ," ಎನ್ನತೊಡಗಿದಳು. "ಹಂಗಾರ ನನಗೂ ಹಾಕು," ಎನ್ನುವಳು ಭರಮವ್ವ. ಚಮಚ ನಡುದಾರಿಯಲ್ಲಿ ನಿಲ್ಲುವುದು ಮಾತ್ರ ತಪ್ಪಲಿಲ್ಲ.

ಓನೋ ಕೊನೆಗೆ ತಾವೇ ಒಂದು ದಾರಿ ಹುಡುಕಿದರು. ವಿಡಿಯೋ ಕಾಲ್ ಮಾಡು, ತದಾಯ್ಮಾ ಎನ್ನು, ನೋಡೋಣ. ಸುಮನ ದವಾಖಾನೆಯ ಅಂಗಳದ ಬೇವಿನ ಮರದ ಕೆಳಗೆ ನಿಂತು ಕಾಲ್ ಮಾಡಿದಳು. ಪಕ್ಕದಲ್ಲಿ ಒಬ್ಬ ಚುರಮುರಿಯ ಗಿರಮಿಟ್ಟು ಕಲಸುತ್ತಿದ್ದ, ಆಟೋಗಳು ಒದರುತ್ತಿದ್ದವು. ಪರದೆಯ ಮೇಲೆ ಕುರ್ಚಿ ಕಂಡಿತು, ಶಾಲು ಹೊದ್ದ ಫುಮಿ ಕಂಡಳು. ಗಲ್ಲ ಇಳಿದುಹೋಗಿತ್ತು.

"ತದಾಯ್ಮಾ, ಫುಮಿ ಸಾನ್," ಎಂದಳು ಸುಮನ, ಬಂದೆ ಫುಮಿಯವರೇ ಎಂದು.

ಧ್ವನಿ ಕೇಳಿ ಫುಮಿಯ ಮುಖ ಬೆಳಗಿತು. ಆದರೆ ಅವಳು ಫೋನಿನ ಕಡೆ ನೋಡಲಿಲ್ಲ. ಬಾಗಿಲಿನ ಕಡೆ ನೋಡಿದಳು. ಮಗಳು ಹೊರಗೆ ನಿಂತಿದ್ದಾಳೆ, ಬಾಗಿಲು ತೆಗೆಯಿರಿ ಎಂದು ಎದ್ದಳು. ಓನೋ ಹಿಡಿಯುವಷ್ಟರಲ್ಲಿ ಬಾಗಿಲ ಮುಂದೆ ಹೋಗಿದ್ದಳು. ಅದು ಮನುಷ್ಯರು ಹತ್ತಿರ ಬಂದರೆ ತಾನೇ ತೆರೆದುಕೊಳ್ಳುವ ಬಾಗಿಲು. ತೆರೆಯಿತು, ಹಿಮ ಒಳಗೆ ನುಗ್ಗಿತು. ಹೊರಗೆ ಯಾರೂ ಇರಲಿಲ್ಲ. ಫುಮಿ ಚಪ್ಪಲಿ ಕೂಡ ಮೆಟ್ಟದೆ ಅಂಗಳಕ್ಕಿಳಿದು ಅತ್ತಿತ್ತ ನೋಡಿದಳು. ಸುಮನ ಇಲ್ಲಿ ಬಿಸಿಲಲ್ಲಿ ನಿಂತು, "ಒಳಗೆ ಹೋಗ್ರಿ, ಒಳಗೆ ಹೋಗ್ರಿ," ಎಂದು ಕನ್ನಡದಲ್ಲೇ ಕೂಗಿಕೊಂಡಳು. ಗಿರಮಿಟ್ಟಿನವನು ತಿರುಗಿ ನೋಡಿದ. ಕಾಲ್ ಕಟ್ಟಾಯಿತು.

ಇನ್ನು ಫೋನ್ ಬೇಡ, ಎಂದು ಓನೋ ಬರೆದರು. ಎರಡು ದಿನ ಬಿಟ್ಟು ಫುಮಿಗೆ ನೆಗಡಿ ಎಂದರು, ಆಮೇಲೆ ಜ್ವರ, ಆಮೇಲೆ ಎದೆಯಲ್ಲಿ ಕಫ, ಆಸ್ಪತ್ರೆ. ಅಷ್ಟರಲ್ಲಿ ಭರಮವ್ವನನ್ನು ಮನೆಗೆ ಕರೆತಂದಿದ್ದರು. ಹೊಸ್ತಿಲ ಒಳಗೇ ಮಂಚ ಹಾಕಿಸಿಕೊಂಡಳು, ಬಾಗಿಲು ಕಾಣುವಂತೆ. ಕಾಜಲ್‌ಗೂ ಗೋಕಾಕದ ಮಾಳಿಗೆಯ ಕ್ಲಾಸು ಶುರುವಾಗಿತ್ತು. ಅವಳು ಅಂಗಳದಲ್ಲಿ ಅಡ್ಡಾಡುತ್ತ ಬಾಯಿಪಾಠ ಮಾಡುತ್ತಿದ್ದಳು. ಇತ್ತೆ ಕಿಮಾಸ್, ಇತ್ತೆ ಕಿಮಾಸ್.

"ಇದ ಏನು ಆ ಮಾತು?" ಎಂದು ಭರಮವ್ವ ಕೇಳಿದಳು.

"ಹೂಂ ಆಯಿ. ಹೋಗಿ ಬರ್ತೇನಿ ಅಂತ."

ಮುದುಕಿ ಕಾಜಲ್‌ಳನ್ನು ಬಹಳ ಹೊತ್ತು ನೋಡಿದಳು. ಇವಳೂ ಹೋಗುವವಳೇ. ನಡೆಯುವ ಕಾಲು, ಎತ್ತುವ ಕೈ ಇರುವ ಹುಡುಗಿಯರಿಗೆಲ್ಲ ಈಗ ಆ ಮಾಳಿಗೆಯೇ ದಾರಿ. ಅಲ್ಲಿಯ ಮುದುಕರಿಗೆ ಇಲ್ಲಿಯವರು ಹೋಗುತ್ತಾರೆ, ಇಲ್ಲಿಯವರಿಗೆ ಎಲ್ಲಿಂದಲೂ ಯಾರೂ ಬರುವುದಿಲ್ಲ. ಸೊಂಟ ಹಿಡಿದ ಶಿವಪುತ್ರ ಮುಂದೆ ತಾಯಿಯನ್ನು ಎತ್ತಿ ಕೂರಿಸಬೇಕು, ಆಮೇಲೆ ಅವನನ್ನು ಎತ್ತುವವರು ಯಾರೋ.

ಫುಮಿ ಸತ್ತ ಸುದ್ದಿ ಬಂದಾಗ ಸುಮನ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಓನೋ ಒಂದು ಮಾತೂ ಬಯ್ದಿರಲಿಲ್ಲ. ಫುಮಿ ಆಸ್ಪತ್ರೆಯಲ್ಲಿ ಕೊನೆಯ ತನಕ ಬಾಗಿಲ ಕಡೆಗೇ ತಲೆ ತಿರುಗಿಸಿದ್ದಳಂತೆ. ಮಗಳಿಗೆ ತಿಳಿಸಿದರಂತೆ, ಅವಳಿಗೆ ಅರ್ಥವಾಗಲಿಲ್ಲವಂತೆ. ಸುಟ್ಟು ಎಲುಬು ಆರಿಸಲು ಆಶ್ರಮದವರು ಮೂವರೇ ಇದ್ದರಂತೆ. ಕೊನೆಗೆ ಒಂದು ಸಾಲು ಬರೆದಿದ್ದರು, ಬೇಗ ಬಾ, ಇಲ್ಲಿ ಕೈ ಸಾಲುತ್ತಿಲ್ಲ. ಸುಮನ ಕೈಯ ಬೂದಿ ತೊಳೆದು ಓದಿ, ಉಳಿದ ಪಾತ್ರೆಗಳನ್ನೂ ತಿಕ್ಕಿ ಮುಗಿಸಿದಳು. ಆಮೇಲೆ ಹಿತ್ತಲ ಗೋಡೆಗೆ ಹಣೆ ಹಚ್ಚಿ ಅತ್ತಳು. ತಾನು ಕೊಂದೆ ಎಂದು ಅತ್ತಳು. ಬೇರೆ ಯಾವ ಮಾತೂ ಅವಳಿಗೆ ಹೊಳೆಯಲಿಲ್ಲ.

ಮುಖ ತೊಳೆದು ಒಳಗೆ ಬಂದು ಭರಮವ್ವನ ಮುಂದೆ ಬಟ್ಟಲು ಹಿಡಿದು ಕೂತಳು.

"ಆಕಿ ಉಂಡಳೇನು?"

"ಉಂಡಾಳಂತ ಆಯಿ."

ಭರಮವ್ವ ಬಾಯಿ ತೆರೆದಳು. ಮರುದಿನವೂ ಅದೇ ಪ್ರಶ್ನೆ, ಅದೇ ಉತ್ತರ. ರಜೆ ಮುಗಿಯುವ ತನಕ ಸತ್ತವಳು ದಿನಾ ಉಂಡಳು, ಬದುಕಿದವಳೂ ಉಂಡಳು.

ಹೊರಡುವ ದಿನ ಹತ್ತಿರ ಬಂದಂತೆ ಸುಮನ ಒಮ್ಮೆ, "ನಾ ಹೋಗೂದಿಲ್ಲ, ಇಲ್ಲೆ ಇರ್ತೇನಿ," ಎಂದಳು. ಶಿವಪುತ್ರ ಕೂತಲ್ಲೇ ಬೆನ್ನು ನೀವಿಕೊಳ್ಳುತ್ತ, "ಇರಬ್ಯಾಡ ಅನ್ನಾಕ ನನಗ ಮನಸಿಲ್ಲ, ಇರು ಅನ್ನಾಕ ಬಾಯಿಲ್ಲ," ಎಂದ. ಪೇಟೆಯಲ್ಲಿ ಅವನನ್ನು ಈಗ ಕೆಲಸಕ್ಕೆ ಕರೆಯುವುದೇ ಅಪರೂಪವಾಗಿತ್ತು. ಕರಾರಿನ ಪ್ರಕಾರ ಅವಳು ಅಲ್ಲಿ ಇನ್ನೂ ಎರಡು ವರ್ಷ ಇರಬೇಕಿತ್ತು. ಭರಮವ್ವ ಅಷ್ಟು ದಿನ ಇರುವುದಿಲ್ಲವೆಂಬುದು ನರ್ಸಾದ ಸುಮನಳಿಗೆ ಯಾರೂ ಹೇಳಬೇಕಿರಲಿಲ್ಲ. ಅವಳು ಚೀಲ ಕಟ್ಟಿದಳು.

ಬೆಳಿಗ್ಗೆಯ ಬಸ್ಸಿಗೆ ಹೊರಡಬೇಕಿತ್ತು. ಕಾಜಲ್ ಚೀಲ ಹಿಡಿದು ಅಂಗಳದಲ್ಲಿ ನಿಂತಿದ್ದಳು. ಸುಮನ ಕೊನೆಯದಾಗಿ ಒಂದು ಬಟ್ಟಲು ಹಾಲು ರೊಟ್ಟಿ ಕಿವುಚಿ ತಂದು ಆಯಿಗೆ ಉಣಿಸಿದಳು. ಈ ಸಲ ಭರಮವ್ವ ಏನೂ ಕೇಳದೆ ಉಂಡಳು. ಬಾಯಿ ಒರೆಸಿಸಿಕೊಂಡು, ಆಡುವ ಕೈಯಿಂದ ಮೊಮ್ಮಗಳ ಮುಂಗೈ ಹಿಡಿದಳು.

"ಆಕಿ ಸತ್ತಾಳಲ್ಲ?"

ಸುಮನ ಖಾಲಿ ಬಟ್ಟಲನ್ನು ಕೆಳಗಿಟ್ಟಳು.

"ನನಗ ಅವತ್ತ ಗೊತ್ತಾತು. ನಿನ್ನ ಚಮಚ ನಿಲ್ಲೂದು ಬಿಡ್ತು."

ಸುಮನ ಮಂಚದ ಅಂಚಿಗೆ ಹಣೆ ಹಚ್ಚಿದಳು. ಭರಮವ್ವ ಅವಳ ಕೂದಲಲ್ಲಿ ಬೆರಳಾಡಿಸಿದಳು, ಹಿಂದೆ ಜಡೆ ಹಿಡಿದು ಎಳೆಯುತ್ತಿದ್ದ ಬೆರಳುಗಳೇ.

"ಅಳಬ್ಯಾಡ. ಆಕಿನ್ನ ಕುಂದರಿಸಿದ್ದು ನೀ ಅಲ್ಲ, ನಾ. ನಿನ್ನ ಬಾಯಾಗ ಆ ಮಾತ ಹಾಕಿದಾಕಿ ನಾ." ಉಸಿರು ತಿರುಗಿಸಿಕೊಂಡು ಮುಂದುವರಿಸಿದಳು. "ನಿಮ್ಮವ್ವ ಸೀತವ್ವ ಹೋಗ್ತೇನಿ ಅಂದ್ಲು, ಹೋದ್ಲು. ಇಷ್ಟ ವರ್ಷ ಆಕಿನ್ನ ಬೈದ್ನಿ. ಈ ಮನ್ಯಾಗ ಖರೆ ಹೇಳಿ ಹೋದಾಕಿ ಆಕಿ ಒಬ್ಬಾಕಿನ."

"ಆಯಿ, ನಾ ಬರ್ತೇ..."

ಭರಮವ್ವನ ಕೈ ಅವಳ ಬಾಯಿ ಮುಚ್ಚಿತು.

"ಅದನ್ನ ಅನ್ನಬ್ಯಾಡ. ಅಂದ್ರ ನಾ ಈ ಬಾಗಲಾ ನೋಡ್ಕೋಂತ ಕುಂದರ್ತೇನಿ. ನೀ ಬರೂಮಟ ನನ್ನಿಂದ ಆಗೂದಿಲ್ಲ ಯವ್ವಾ. ಹೋಗ್ತೇನಿ ಅನ್ನು. ಎರಡ ತುತ್ತ ಉಂಡು ಮಕ್ಕೋತೇನಿ."

ಅಂಗಳದಿಂದ ಕಾಜಲ್, ಬಸ್ಸಿನ ಹೊತ್ತಾಯಿತೆಂದು ಕರೆದಳು. ಶಿವಪುತ್ರ ಗೋಡೆಯ ಬುದ್ಧನ ಕಡೆ ಮುಖ ಮಾಡಿ ನಿಂತಿದ್ದ. ಸುಮನ ಎದ್ದು ಆಯಿಯ ಕಾಲು ಮುಟ್ಟಿದಳು, ಹೊಸ್ತಿಲ ತನಕ ನಡೆದಳು, ಅಲ್ಲಿ ನಿಂತಳು. ಅವ್ವ ಸತ್ತಾಗಿನಿಂದ ಆ ಹೊಸ್ತಿಲಲ್ಲಿ ಆಡಬಾರದ ಮಾತು ಅದು. ಭರಮವ್ವ ಕಾಯುತ್ತಿದ್ದಳು.

"ಹೋಗ್ತೇನಿ ಆಯಿ," ಎಂದಳು ಸುಮನ.

"ಹೂಂ, ಹೋಗವ್ವ."

ಕಾಜಲ್ ಅಕ್ಕನನ್ನು ರಸ್ತೆಯ ತನಕ ಬಿಟ್ಟು ಮರಳಿ ಬಂದಾಗ ಭರಮವ್ವ ಮಗ್ಗುಲಾಗಿ, ಬಾಗಿಲಿಗೆ ಬೆನ್ನು ಮಾಡಿ ಮಲಗಿದ್ದಳು. ಕಾಜಲ್ ಎಂದಿನಂತೆ ಬಾಗಿಲನ್ನು ತೆರೆದೇ ಬಿಟ್ಟು ಒಳಗೆ ಹೊರಟಳು.

"ಬಾಗಲಾ ಹಾಕು," ಎಂದಳು ಮುದುಕಿ. "ಯಾರೂ ಬರಾವ್ರಿಲ್ಲ."